ಬಾದಾಮಿಯ ಮೂರನೆಯ ಗುಹೆ: ಐದು ಎಕ್ಸ್‌ಪೋಷರ್‌ಗಳಿಂದ ಒಂದು ಚಿತ್ರ

ನಮಸ್ಕಾರ. ಈಗ ತೆರೆಯ ಮೇಲೆ ಕಾಣುತ್ತಿರುವುದು ಬಾದಾಮಿಯ ಮೂರನೆಯ ಗುಹೆಯ ಮೊಗಸಾಲೆ. ಚಾಲುಕ್ಯ ದೊರೆ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಳೇಶ ಮಾಡಿಸಿದ ಈ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ನಮ್ಮ ಇಂದಿನ ವಿಷಯಕ್ಕೆ ಆ ಇಸವಿಗಿಂತ ಮುಖ್ಯವಾದದ್ದು ಗುಹೆಯ ದಿಕ್ಕು. ತೆಂಕಣ ಬೆಟ್ಟದಲ್ಲಿ ಕೊರೆದ ಗುಹೆಯಾದ್ದರಿಂದ ಅದರ ಬಾಯಿ ಬಡಗಣಕ್ಕಿದೆ. ಒಳಗೆ ನೇರ ಬಿಸಿಲು ಬೀಳುವುದು ಅಪರೂಪ. ಎದುರಿನ ಕೋಟೆಬೆಟ್ಟವಾದರೋ ಬಿಸಿಲಿಗೆ ಮುಖ ಒಡ್ಡಿಕೊಂಡು ನಿಂತಿದೆ. ಕಂಬಗಳ ನಡುವಿನಿಂದ ಹೊರಗೆ ನೋಡುತ್ತ ಕ್ಯಾಮೆರಾ ಹಿಡಿದವರಿಗೆಲ್ಲ ಫಲಿತಾಂಶ ಗೊತ್ತೇ ಇದೆ: ಒಳಗಿನ ಕೆತ್ತನೆ ಕಾಣುವಂತೆ ತೆಗೆದರೆ ಹೊರಗಿನ ಬೆಟ್ಟ ಬಿಳಿ ಹಾಳೆಯಾಗುತ್ತದೆ, ಬೆಟ್ಟವನ್ನು ಉಳಿಸಿಕೊಂಡರೆ ಕಂಬಗಳು ಬರೀ ಕಪ್ಪು ಪಟ್ಟಿಗಳಾಗುತ್ತವೆ.

ಛಾಯಾಗ್ರಹಣದಲ್ಲಿ ಬೆಳಕಿನ ಪ್ರಮಾಣ ಇಮ್ಮಡಿಯಾದರೆ ಅದನ್ನು ಒಂದು ಸ್ಟಾಪ್ ಎನ್ನುತ್ತೇವೆ. ಆರು ಸ್ಟಾಪ್ ವ್ಯತ್ಯಾಸವೆಂದರೆ 64 ಪಟ್ಟು, ಹತ್ತು ಸ್ಟಾಪ್ ಎಂದರೆ 1,024 ಪಟ್ಟು. ಇಷ್ಟು ಅಂತರವಿರುವ ದೃಶ್ಯವನ್ನು ಒಂದೇ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಒಂದೇ ಅಳತೆಯ ಬೆಳಕಿನಲ್ಲಿ, ಹಿಡಿದಾಗ ಕತ್ತಲ ಭಾಗದಲ್ಲಿ ನಾಯ್ಸ್, ಅಂದರೆ ಕಾಳುಕಾಳಾದ ಕಲೆ, ಹೆಚ್ಚಾಗಿ ಕಾಣುತ್ತದೆ. ಬೇರೆ ಬೇರೆ ಎಕ್ಸ್‌ಪೋಷರ್‌ಗಳನ್ನು ಬೆರೆಸುವ ಉಪಾಯ ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ. 1850ರ ದಶಕದ ಗಾಜಿನ ಫಲಕಗಳು ನೀಲಿ ಬೆಳಕಿಗೇ ಹೆಚ್ಚು ಸ್ಪಂದಿಸುತ್ತಿದ್ದುದರಿಂದ ಆಕಾಶ ಸುಟ್ಟುಹೋಗುತ್ತಿತ್ತು. ಫ್ರಾನ್ಸಿನ ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ ಸಮುದ್ರವನ್ನು ಒಂದು ನೆಗೆಟಿವ್‌ನಿಂದಲೂ ಆಕಾಶವನ್ನು ಇನ್ನೊಂದರಿಂದಲೂ ಒಂದೇ ಕಾಗದದ ಮೇಲೆ ಮುದ್ರಿಸುತ್ತಿದ್ದರು.

ಈಗ ಚಿತ್ರ ತೆಗೆಯುವ ಕೆಲಸ. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಗಡ ಅನುಮತಿ ಬೇಕು, ಆದ್ದರಿಂದ ನಾನು ಇಲ್ಲಿ ಕೈಯಲ್ಲೇ ಹಿಡಿದು ತೆಗೆಯುತ್ತೇನೆ. ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ 100, ಲೆನ್ಸ್‌ನ ಕಿಂಡಿಯಾದ ಅಪರ್ಚರ್ ಎಫ್ 8 ಇಟ್ಟರೆ ಬಿಸಿಲ ಬೆಟ್ಟಕ್ಕೆ 1/250 ಸೆಕೆಂಡ್ ಸಾಕು. ಮೊಗಸಾಲೆಯ ಮೂಲೆಗೆ ಪೂರ್ತಿ ಒಂದು ಸೆಕೆಂಡ್ ಬೇಕಾಗುತ್ತದೆ, ಅದು ಕೈಗೆ ನಿಲುಕುವ ಮಾತಲ್ಲ. ಹಾಗಾಗಿ ಕಿಂಡಿಯನ್ನು ಹಿಗ್ಗಿಸಿ ಎಫ್ 5.6, ಐಎಸ್‌ಒ 800ಕ್ಕೆ ಬರುತ್ತೇನೆ. ನಾಲ್ಕು ಸ್ಟಾಪ್ ಲಾಭವಾಗಿ, ಎರಡೆರಡು ಸ್ಟಾಪ್ ಅಂತರದ ಐದು ಚಿತ್ರಗಳು 1/4000, 1/1000, 1/250, 1/60, 1/15 ಸೆಕೆಂಡ್‌ಗಳಿಗೆ ಇಳಿಯುತ್ತವೆ. ಐಎಸ್‌ಒ ಏರಿದರೆ ನಾಯ್ಸ್ ಏರುವುದಿಲ್ಲವೇ ಎಂದು ನೀವು ಕೇಳಬಹುದು. ಏರುತ್ತದೆ, ಆದರೆ ನೆರಳಿನ ಭಾಗವನ್ನು ಹೆಚ್ಚು ಬೆಳಕು ಕುಡಿದ 1/15ರ ಚಿತ್ರದಿಂದಲೇ ತೆಗೆದುಕೊಳ್ಳುವುದರಿಂದ ಅದು ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ.

ಐದೂ ಚಿತ್ರಗಳಲ್ಲಿ ಬದಲಾಗಬೇಕಾದದ್ದು ಶಟರ್ ವೇಗ ಒಂದೇ. ಅಪರ್ಚರ್ ಬದಲಿಸಿದರೆ ಫೋಕಸ್‌ನ ಆಳ ಬದಲಾಗುತ್ತದೆ. ಫೋಕಸ್ ಮತ್ತು ಬಣ್ಣದ ಹದ ನಿರ್ಧರಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಒಂದೊಂದು ಚಿತ್ರವೂ ಒಂದೊಂದು ದಾರಿ ಹಿಡಿಯುತ್ತದೆ. ಎಲ್ಲವನ್ನೂ ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕಿ, ಎಕ್ಸ್‌ಪೋಷರ್ ಬದಲಿಸುತ್ತ ಸಾಲಾಗಿ ತೆಗೆಯುವ ಬ್ರಾಕೆಟಿಂಗ್ ಜೊತೆಗೆ ಕಂಟಿನ್ಯುಯಸ್ ಮೋಡ್ ಹಾಕಿ, ಸೆನ್ಸರ್‌ನ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ. ಅತಿ ಕಡಿಮೆ ಎಕ್ಸ್‌ಪೋಷರ್‌ನ ಚಿತ್ರದ ಹಿಸ್ಟೋಗ್ರಾಮ್, ಅಂದರೆ ಹೊಳಪಿನ ಹಂಚಿಕೆಯ ನಕ್ಷೆ, ಬೆಳಕಿನ ತುದಿಯಾದ ಬಲಗೋಡೆಗೆ ಒತ್ತಿಕೊಂಡಿರಬಾರದು, ಅತಿ ಹೆಚ್ಚಿನದರದ್ದು ಕತ್ತಲ ತುದಿಯಾದ ಎಡಗೋಡೆಗೆ ಒತ್ತಿಕೊಂಡಿರಬಾರದು. ಕೈ ಸ್ವಲ್ಪ ನಡುಗಿದರೆ ಸಾಫ್ಟ್‌ವೇರ್ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿಕೊಡುತ್ತದೆ. ಆದರೆ ಕ್ಯಾಮೆರಾ ಇದ್ದ ಜಾಗವೇ ಸರಿದರೆ ಹತ್ತಿರದ ಕಂಬ ದೂರದ ಬೆಟ್ಟದ ಮೇಲೆ ಜರುಗಿದಂತಾಗಿ ಯಾವ ಸಾಫ್ಟ್‌ವೇರಿಗೂ ಅದನ್ನು ಪೂರ್ತಿ ಸರಿಪಡಿಸಲಾಗದು. ನೆಲದ ಮೇಲೆ ಕುಳಿತು ಮೊಣಕೈಗಳನ್ನು ಮಂಡಿಗೆ ಊರಿ ತೆಗೆಯುವುದು ಇದಕ್ಕಾಗಿಯೇ. ಕೆತ್ತನೆಯಿರುವ ಕಂಬಕ್ಕೆ ದಯವಿಟ್ಟು ಒರಗಬೇಡಿ.

ಬೆರೆಸುವ ವಿಧಾನಗಳಲ್ಲಿ ಎರಡು ಮುಖ್ಯ. 1997ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ತೋರಿಸಿಕೊಟ್ಟ ವಿಧಾನದಲ್ಲಿ ಹಲವು ಚಿತ್ರಗಳಿಂದ ದೃಶ್ಯದ ನಿಜವಾದ ಬೆಳಕಿನ ಅನುಪಾತವನ್ನು ಲೆಕ್ಕಹಾಕಿ, ಬಳಿಕ ಟೋನ್ ಮ್ಯಾಪಿಂಗ್ ಮೂಲಕ ಪರದೆಗೆ ಹೊಂದುವಂತೆ ಕುಗ್ಗಿಸಬೇಕು. 2007ರಲ್ಲಿ ಮರ್ಟೆನ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಎಕ್ಸ್‌ಪೋಷರ್ ಫ್ಯೂಷನ್ ಆ ನಡುವಿನ ಮೆಟ್ಟಿಲನ್ನೇ ಬಿಟ್ಟಿತು. ಪ್ರತಿ ಪಿಕ್ಸೆಲ್‌ಗೂ ಕಾಂಟ್ರಾಸ್ಟ್ ಎಷ್ಟು, ಬಣ್ಣದ ಸಾಂದ್ರತೆ ಎಷ್ಟು, ಹೊಳಪು ಮಧ್ಯಮ ಮಟ್ಟಕ್ಕೆ ಎಷ್ಟು ಹತ್ತಿರ ಎಂಬ ಮೂರನ್ನು ತೂಗಿ, ಯಾವ ಚಿತ್ರದಿಂದ ಎಷ್ಟು ಪಾಲು ಎಂದು ಅದು ನಿರ್ಧರಿಸುತ್ತದೆ. ಉಚಿತವಾಗಿ ಸಿಗುವ ಎನ್‌ಫ್ಯೂಸ್ ಎಂಬ ಸಾಫ್ಟ್‌ವೇರ್ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ನಾನು ಇದನ್ನೇ ಬುನಾದಿಯಾಗಿ ಬಳಸುತ್ತೇನೆ, ಆದರೆ ಇದರ ಮೇಲೆ ಒಂದು ತಕರಾರೂ ಇದೆ. ಮೂರನೆಯ ತೂಕ ಎಲ್ಲವನ್ನೂ ಮಧ್ಯಮ ಹೊಳಪಿನ ಕಡೆಗೆ ಎಳೆಯುವುದರಿಂದ ಗುಹೆಯ ಒಳಗೋಡೆಯೂ ಹೊರಗಿನ ಬೆಟ್ಟವೂ ಒಂದೇ ಹದಕ್ಕೆ ಬಂದು ನಿಲ್ಲುತ್ತವೆ. ಹೀಗೆ ಹಲವು ಎಕ್ಸ್‌ಪೋಷರ್ ಬೆರೆಸಿದ ಎಚ್‌ಡಿಆರ್ ಚಿತ್ರಗಳು ಅಂಗಡಿ ಕ್ಯಾಲೆಂಡರಿನಂತೆ ಕಾಣಲು ಬಣ್ಣದ ಅತಿರೇಕಕ್ಕಿಂತ ಈ ಸಮತಟ್ಟು ಹೊಳಪೇ ಹೆಚ್ಚು ಕಾರಣವೆಂಬುದು ನನ್ನ ಅಭಿಪ್ರಾಯ. ಹೊರಗಿರುವುದು ಒಳಗಿರುವುದಕ್ಕಿಂತ ಬೆಳಗಾಗಿಯೇ ಇರಬೇಕು. ಅಂತರವನ್ನು ಕುಗ್ಗಿಸಬಹುದು, ಅನುಕ್ರಮವನ್ನು ಕೆಡಿಸಬಾರದು. ಪರೀಕ್ಷಿಸಲು ಚಿತ್ರವನ್ನು ಕಪ್ಪು ಬಿಳುಪಿಗೆ ತಿರುಗಿಸಿ, ಅಂಚೆಚೀಟಿಯ ಗಾತ್ರಕ್ಕೆ ಕುಗ್ಗಿಸಿ ನೋಡುತ್ತೇನೆ. ಬೆಟ್ಟ ಮತ್ತು ಗೋಡೆ ಒಂದೇ ಬೂದಿಬಣ್ಣದಲ್ಲಿ ಕಂಡರೆ ಚಿತ್ರದ ಬೇಕಾದ ಭಾಗವನ್ನಷ್ಟೇ ತೋರಿಸುವ ಲೇಯರ್ ಮಾಸ್ಕ್ ಹಾಕಿ 1/60ರ ಚಿತ್ರದಿಂದ ಒಳಗಿನ ನೆರಳನ್ನು ಮರಳಿ ತರುತ್ತೇನೆ.

ಇದು ಏಕೆ ಮುಖ್ಯವೆಂಬುದನ್ನು ಮೊಗಸಾಲೆಯ ಮೂಡಣ ತುದಿಯಲ್ಲಿರುವ, ಆದಿಶೇಷನ ಮೇಲೆ ಕುಳಿತ ವಿಷ್ಣುವಿನ ಬಳಿ ಹೋಗಿ ನೋಡೋಣ. ಬೆಳಕು ಬರುವುದು ನಮ್ಮ ಎಡಗಡೆಯಿಂದ, ಅಂದರೆ ಬಡಗಣದ ತೆರೆದ ಬದಿಯಿಂದ. ಕಿರೀಟದ ಎಡ ಅಂಚು, ಕೆನ್ನೆ, ಎಡಭಾಗದ ತೋಳು ಬೆಳಗಿವೆ. ಬಲಭಾಗ ನಿಧಾನವಾಗಿ ಗೋಡೆಯ ಕತ್ತಲೆಗೆ ಇಳಿಯುತ್ತದೆ. ಶಿಲ್ಪದ ಉಬ್ಬುತಗ್ಗು ನಮಗೆ ತಿಳಿಯುವುದು ಈ ಇಳಿಜಾರಿನಿಂದಲೇ. ಬಲಭಾಗದ ನೆರಳನ್ನು ಎಡಭಾಗದಷ್ಟೇ ಎತ್ತಿದ ಚಿತ್ರವನ್ನು ಪಕ್ಕದಲ್ಲಿ ತೋರಿಸುತ್ತಿದ್ದೇನೆ, ಗಮನಿಸಿ: ವಿವರವೆಲ್ಲ ಇದೆ, ಆದರೆ ಶಿಲ್ಪ ಗೋಡೆಗೆ ಅಂಟಿಸಿದ ರಟ್ಟಿನಂತಾಗಿದೆ.

ಅತಿ ತಾಳ್ಮೆ ಬೇಡುವುದು ಕಂಬದ ಅಂಚು. 1/15ರ ಚಿತ್ರದಲ್ಲಿ ಹೊರಗಿನ ಬೆಳಕು ಮಿತಿಮೀರಿರುವುದರಿಂದ ಅದು ಲೆನ್ಸ್‌ನೊಳಗೆ ಚದುರಿ ಕಂಬದ ಬದಿಯ ಮೇಲೆ ಹಾಲಿನಂಥ ತೆಳು ಪಟ್ಟಿಯಾಗಿ ಹರಡಿಕೊಂಡಿರುತ್ತದೆ. ಕಂಬದ ಮೈಯನ್ನು ಈ ಚಿತ್ರದಿಂದಲೂ ಬೆಟ್ಟವನ್ನು 1/1000ದಿಂದಲೂ ತೆಗೆದು ಜೋಡಿಸಿದರೆ ಆ ಪಟ್ಟಿ ಅಂಚಿನಲ್ಲೇ ಉಳಿದು, ಕತ್ತರಿಸಿ ಅಂಟಿಸಿದ್ದೆಂದು ಸಾರಿ ಹೇಳುತ್ತದೆ. ಅಂಚನ್ನು ನಡುವಿನ 1/250ರ ಚಿತ್ರದಿಂದ ತೆಗೆದುಕೊಂಡರೆ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಮಾಸ್ಕ್ ಅನ್ನು ಕುಂಚದಿಂದ ಬಳಿಯುವುದಕ್ಕಿಂತ ಚಿತ್ರದ ಹೊಳಪಿನಿಂದಲೇ ರಚಿಸುವ ಲ್ಯೂಮಿನಾಸಿಟಿ ಮಾಸ್ಕ್ ಇಲ್ಲಿ ಹೆಚ್ಚು ನಂಬಿಕಸ್ತ.

ಒಳಗಿನ ಕೆಂಪು ಛಾಯೆಯನ್ನು ದೋಷವೆಂದು ತಿಳಿದು ತೆಗೆದುಹಾಕಬೇಡಿ; ಮರಳುಗಲ್ಲಿನ ನೆಲಕ್ಕೆ ಬಡಿದು ಹೊಮ್ಮಿದ ಬೆಳಕು ಕೆಂಪಾಗಿರುವುದೇ ಸಹಜ. ಇನ್ನು ಬಾದಾಮಿಯೆಂದ ಮೇಲೆ ಕೋತಿಗಳ ಮಾತು ಬಿಡುವಂತಿಲ್ಲ. ಐದು ಚಿತ್ರಗಳ ನಡುವೆ ಕೋತಿಯೊಂದು ಕಟ್ಟೆಯ ಮೇಲೆ ನಡೆದುಹೋದರೆ ಬೆರೆಸಿದ ಚಿತ್ರದಲ್ಲಿ ಅರೆಪಾರದರ್ಶಕ ಕೋತಿಗಳ ಸಾಲೇ ಕಾಣಿಸುತ್ತದೆ. ಚಲಿಸುವ ಯಾವುದನ್ನೇ ಆಗಲಿ ಒಂದೇ ಚಿತ್ರದಿಂದ ತೆಗೆದುಕೊಂಡು ಉಳಿದವುಗಳಲ್ಲಿ ಆ ಜಾಗವನ್ನು ಮಾಸ್ಕ್‌ನಿಂದ ಮುಚ್ಚಬೇಕು.

ಮಳೆಗಾಲದ ಮೋಡದ ದಿನ ಇದೇ ಮೊಗಸಾಲೆಗೆ ಬಂದರೆ ಎದುರಿನ ಬೆಟ್ಟದ ಬೆಳಕು ತಾನಾಗಿಯೇ ತಗ್ಗಿರುತ್ತದೆ. ಆಗ ಬೆಟ್ಟ ಸುಡದಂತೆ ತೆಗೆದ ಒಂದೇ ರಾ ಫೈಲ್‌ನಲ್ಲಿ ನೆರಳನ್ನು ಸ್ವಲ್ಪ ಎತ್ತಿದರೆ ಸಾಕಾಗುವುದೂ ಉಂಟು, ಮತ್ತು ಹಾಗೆ ಸಾಕಾದಾಗ ನಾನು ಬ್ರಾಕೆಟಿಂಗ್ ಗುಂಡಿಯನ್ನು ಮುಟ್ಟುವುದೇ ಇಲ್ಲ.