ಬೆಳ್ಳಿ ಗಟ್ಟಿಗೆ ಎರಡು ಬೆಲೆ: ಅಪರೂಪದ ಬಾರ್ ಕೊಳ್ಳುವ ಮುನ್ನ, ಕರಗಿಸುವ ಮುನ್ನ

[ದೃಶ್ಯ: ಬೆಳಗಿನ ಗಾಂಧಿ ಬಜಾರ್, ಶಿವಮೊಗ್ಗ. ಅಂಗಡಿಯ ಗಾಜಿನ ಕಪಾಟಿನಲ್ಲಿ ದೀಪ, ಕುಂಕುಮದ ಭರಣಿ, ಕಾಲ್ಗೆಜ್ಜೆ.]

ನಮಸ್ಕಾರ. ಗಾಂಧಿ ಬಜಾರಿನ ಅಂಗಡಿಗೆ ಬೆಳ್ಳಿ ಗಟ್ಟಿಯೊಂದನ್ನು ಮಾರಲು ಒಯ್ದರೆ ಅದು ಮೊದಲು ತಕ್ಕಡಿಯ ಮೇಲೆ ಕೂರುತ್ತದೆ, ಆಮೇಲೆ ಶುದ್ಧತೆ ಅಳೆಯುವ ಯಂತ್ರವಾದ ಕ್ಯಾರೆಟ್ ಮೀಟರಿನೊಳಗೆ ಹೋಗುತ್ತದೆ. ತೂಕ, ಶುದ್ಧತೆ, ಚಿನಿವಾರ ಪೇಟೆಯ ಇವತ್ತಿನ ದರ. ಇಷ್ಟರಲ್ಲೇ ಲೆಕ್ಕ ಮುಗಿಯಿತು. ಗಟ್ಟಿಯ ಮೇಲೆ ಯಾರ ಮುದ್ರೆ ಇದೆ, ಸರಣಿ ಸಂಖ್ಯೆ ಎಷ್ಟು, ಅದನ್ನು ಅಚ್ಚಿನಲ್ಲಿ ಹೊಯ್ದದ್ದೋ ಯಂತ್ರದಲ್ಲಿ ಒತ್ತಿದ್ದೋ ಎಂದು ಯಾರೂ ಕೇಳುವುದಿಲ್ಲ. ಇದರಲ್ಲಿ ಅಂಗಡಿಯವರ ತಪ್ಪೇನೂ ಇಲ್ಲ. ಅವರು ಕೊಳ್ಳುವುದು ಕರಗಿಸುವುದಕ್ಕೆ.

ಆದರೆ ಅದೇ ಗಟ್ಟಿಗೆ, ಅದರ ಮುದ್ರೆಯ ಸಲುವಾಗಿಯೇ, ಲೋಹದ ಬೆಲೆಗಿಂತ ಹೆಚ್ಚು ಕೊಡುವವರು ಬೇರೆಡೆ ಇರಬಹುದು. ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲವೂ ಅಡಿಕೆಯೇ. ಆದರೂ ದುಬಾರಿಯಾದ ಸರಕಿನ ಚೀಲವನ್ನು ಅಗ್ಗದ ಗೊರಬಲಿನ ದರಕ್ಕೆ ತೂಗಿ ಕೊಟ್ಟು ಯಾರೂ ಮಂಡಿಯಿಂದ ಮನೆಗೆ ಬರುವುದಿಲ್ಲ. ಅಪರೂಪದ ಬೆಳ್ಳಿ ಗಟ್ಟಿಗಳ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಹಾಗೆ ಆಗುತ್ತಿದೆ. ಹೊರದೇಶದಲ್ಲಿ ದುಡಿದು ಬಂದವರ ಪೆಟ್ಟಿಗೆಯಲ್ಲಿದ್ದ ಗಟ್ಟಿ ಹೆಸರೇ ಇಲ್ಲದೆ ಮೂಸೆ ಸೇರುತ್ತದೆ. ಇವತ್ತಿನ ವಿಡಿಯೋ ಅದನ್ನು ತಡೆಯುವುದಕ್ಕಾಗಿ.

[ದೃಶ್ಯ: ಮೇಜಿನ ಮೇಲೆ ಹಲವು ಗಾತ್ರದ ಗಟ್ಟಿಗಳು. ಕ್ಯಾಮೆರಾ ಮುದ್ರೆಗಳ ಹತ್ತಿರಕ್ಕೆ ಹೋಗುತ್ತದೆ.]

ಮೊದಲು ಅಳತೆ. ಅಂತರರಾಷ್ಟ್ರೀಯ ಪೇಟೆಯಲ್ಲಿ ಬೆಳ್ಳಿಯನ್ನು ಟ್ರಾಯ್ ಔನ್ಸಿನಲ್ಲಿ ತೂಗುತ್ತಾರೆ. ಒಂದು ಟ್ರಾಯ್ ಔನ್ಸ್ ಎಂದರೆ 31.1 ಗ್ರಾಂ. ನಮ್ಮ ತೊಲ 11.66 ಗ್ರಾಂ. ಲಂಡನ್ ಪೇಟೆಯ ದೊಡ್ಡ ಗಟ್ಟಿ ಸುಮಾರು 1000 ಔನ್ಸ್, ಅಂದರೆ 31 ಕಿಲೋ ಆಸುಪಾಸು. ಅದು ಬ್ಯಾಂಕುಗಳ ಖಜಾನೆಗೆ, ಸಂಗ್ರಾಹಕರಿಗಲ್ಲ. ಸಂಗ್ರಾಹಕರ ಕೈಯಲ್ಲಿ ಓಡಾಡುವುದು ಹೆಚ್ಚಾಗಿ 1, 5, 10 ಮತ್ತು 100 ಔನ್ಸಿನ ಗಟ್ಟಿಗಳು.

ಈ ಲೋಕದಲ್ಲಿ ಎರಡು ಹೆಸರುಗಳನ್ನು ನೆನಪಿಡಿ. ಒಂದು ಎಂಗೆಲ್‌ಹಾರ್ಡ್. 1902ರಲ್ಲಿ ಅಮೆರಿಕದ ನ್ಯೂ ಜೆರ್ಸಿಯ ನೆವಾರ್ಕ್‌ನಲ್ಲಿ ಶುರುವಾದ ಲೋಹ ಸಂಸ್ಥೆ. ಇದರ ಹಳೆಯ ಗಟ್ಟಿಗಳ ತಯಾರಿಕೆ 1980ರ ದಶಕದ ಕೊನೆಯ ಹೊತ್ತಿಗೆ ನಿಂತಿತು; 2006ರಲ್ಲಿ ಸಂಸ್ಥೆಯನ್ನೇ ಜರ್ಮನಿಯ ಬಿಎಎಸ್‌ಎಫ್ ಕೊಂಡಿತು. ಇನ್ನೊಂದು ಜಾನ್ಸನ್ ಮ್ಯಾಥಿ. 1817ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ಸಂಸ್ಥೆ ತನ್ನ ಚಿನ್ನ ಬೆಳ್ಳಿ ಶುದ್ಧೀಕರಣದ ವ್ಯವಹಾರವನ್ನು 2015ರಲ್ಲಿ ಜಪಾನಿನ ಅಸಾಹಿಗೆ ಮಾರಿತು. ತಯಾರಿಕೆ ನಿಂತ ಗಟ್ಟಿಯ ಸಂಖ್ಯೆ ಇನ್ನು ಹೆಚ್ಚುವುದಿಲ್ಲ, ಕಡಿಮೆಯಾಗಬಹುದು ಅಷ್ಟೇ. ಹಾಗೆಂದು ಈ ಹೆಸರಿನ ಪ್ರತಿ ಗಟ್ಟಿಯೂ ಅಪರೂಪವಲ್ಲ. ಹೆಚ್ಚಿನವು ಸಾಮಾನ್ಯವಾದವೇ. ಆರಂಭದ ಕೈಹೊಯ್ಲಿನ ಗಟ್ಟಿ, ಸ್ವಲ್ಪ ಕಾಲ ಮಾತ್ರ ಬಳಸಿದ ಮುದ್ರೆ, ರೂಢಿಯಲ್ಲಿಲ್ಲದ ತೂಕ, ತೀರಾ ಚಿಕ್ಕ ಸರಣಿ ಸಂಖ್ಯೆ: ಬೆಲೆ ಏರುವುದು ಇಂಥವಕ್ಕೆ.

1970ರ ದಶಕದಲ್ಲಿ ಅಮೆರಿಕದ ಖಾಸಗಿ ಟಂಕಸಾಲೆಗಳು ಚಿತ್ರ ಕೆತ್ತಿದ ಒಂದು ಔನ್ಸಿನ ಬಾರ್‌ಗಳನ್ನು ರಾಶಿಗಟ್ಟಲೆ ಹೊರತಂದವು. ಆಮೇಲೆ ಬಂದದ್ದು 1980. ಅಮೆರಿಕದ ಸಿರಿವಂತ ಹಂಟ್ ಸಹೋದರರು ಬೆಳ್ಳಿಯನ್ನು ಗುಡ್ಡೆ ಹಾಕಿದ ಕಾಲ. ಆ ಜನವರಿಯಲ್ಲಿ ಬೆಲೆ ಔನ್ಸಿಗೆ 50 ಡಾಲರಿನ ಹತ್ತಿರಕ್ಕೆ ಹೋಯಿತು. ಮಾರ್ಚ್ 27ರ ಗುರುವಾರ 11 ಡಾಲರಿಗಿಂತ ಕೆಳಕ್ಕೆ ಕುಸಿಯಿತು. ಬೆಲೆ ಏರಿದ ಆ ದಿನಗಳಲ್ಲಿ ಜನ ತಟ್ಟೆ, ಚಮಚ, ನಾಣ್ಯ, ಬಾರ್ ಎಂದು ನೋಡದೆ ಎಲ್ಲವನ್ನೂ ಕುಲುಮೆಗೆ ಕೊಟ್ಟರು. ಆದ್ದರಿಂದ ಒಂದು ಬಾರನ್ನು ಎಷ್ಟು ಸಾವಿರ ಅಚ್ಚು ಹಾಕಿದ್ದರು ಎಂಬ ಸಂಖ್ಯೆಗೂ ಇವತ್ತು ಎಷ್ಟು ಉಳಿದಿವೆ ಎಂಬುದಕ್ಕೂ ಸಂಬಂಧವೇ ಇಲ್ಲದಿರಬಹುದು. 2025ರ ಅಕ್ಟೋಬರಿನಲ್ಲಿ ಬೆಳ್ಳಿ 1980ರ ಆ ದಾಖಲೆಯನ್ನು ದಾಟಿತು. ದೀಪಾವಳಿಯ ಹೊತ್ತಿಗೆ ನಮ್ಮ ದೇಶದಲ್ಲಿ ಬೆಳ್ಳಿಗೇ ಕೊರತೆ ಬಂದು, ಕೆಲವು ಮ್ಯೂಚುವಲ್ ಫಂಡ್ ಸಂಸ್ಥೆಗಳು ತಮ್ಮ ಬೆಳ್ಳಿ ಫಂಡ್‌ಗಳಿಗೆ ದೊಡ್ಡ ಮೊತ್ತದ ಹೊಸ ಹಣ ಪಡೆಯುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿದವು. ಕುಲುಮೆಗಳು ಬಿಸಿಯಾಗುವುದು ಇಂಥ ಸಮಯದಲ್ಲೇ. ಬೆಳ್ಳಿ ಕರಗಲು 962 ಡಿಗ್ರಿ ಸೆಲ್ಸಿಯಸ್ ಸಾಕು. ಕರಗಿದ ಮೇಲೆ ಮುದ್ರೆಯ ಬೆಲೆಯನ್ನು ಯಾವ ಅಕ್ಕಸಾಲಿಗನೂ ಹಿಂದಕ್ಕೆ ತರಲಾರ.

[ದೃಶ್ಯ: ಡಿಜಿಟಲ್ ತಕ್ಕಡಿ, ಅದರ ಮೇಲೆ ನೀರಿನ ಬಟ್ಟಲು, ದಾರ.]

ಈಗ ನಕಲಿಯ ವಿಷಯ. ಹೆಸರಿಗೆ ಬೆಲೆ ಬಂದ ಕಡೆ ಹೆಸರನ್ನು ಕದಿಯುವವರೂ ಬರುತ್ತಾರೆ. ತಾಮ್ರ ಅಥವಾ ಹಿತ್ತಾಳೆಯ ಮೇಲೆ ಬೆಳ್ಳಿ ಲೇಪಿಸಿ, ಹಳೆಯ ಸಂಸ್ಥೆಗಳ ಮುದ್ರೆ ಒತ್ತಿದ ಬಾರ್‌ಗಳು ಆನ್‌ಲೈನ್ ಪೇಟೆಯಲ್ಲಿ ಧಾರಾಳವಾಗಿವೆ. ಅಯಸ್ಕಾಂತ ಹಿಡಿದು ನೋಡಿದರೆ ಸಾಲದು, ತಾಮ್ರವೂ ಅಂಟುವುದಿಲ್ಲ. ಕ್ಯಾರೆಟ್ ಮೀಟರ್ ನೋಡುವುದು ಮೇಲ್ಮೈಯನ್ನು ಮಾತ್ರ. ಲೇಪನ ದಪ್ಪವಾಗಿದ್ದರೆ ಅದೂ ಮೋಸ ಹೋಗುತ್ತದೆ.

ಮನೆಯಲ್ಲೇ ಮಾಡಬಹುದಾದ ಒಳ್ಳೆಯ ಪರೀಕ್ಷೆ ಸಾಂದ್ರತೆಯದು. ಗಟ್ಟಿಯನ್ನು ಮೊದಲು ತೂಗಿ. 10 ಔನ್ಸಿನದಾದರೆ 311 ಗ್ರಾಂ ಇರಬೇಕು. ನೀರಿನ ಬಟ್ಟಲನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಗಟ್ಟಿಗೆ ಹತ್ತಿಯ ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ಈಗ ತೋರಿಸುವ ಅಂಕಿ ಗಟ್ಟಿಯು ಸರಿಸಿದ ನೀರಿನ ತೂಕ. ಶುದ್ಧ ಬೆಳ್ಳಿಯ ಸಾಂದ್ರತೆ 10.49, ಅಂದರೆ ಅದೇ ಗಾತ್ರದ ನೀರಿಗಿಂತ ಅಷ್ಟು ಪಟ್ಟು ಭಾರ. ಆದ್ದರಿಂದ 311 ಗ್ರಾಂ ಬೆಳ್ಳಿಗೆ ಅಂಕಿ 29.6ರ ಹತ್ತಿರ ನಿಲ್ಲಬೇಕು. ಅದೇ ತೂಕದ ತಾಮ್ರವಾದರೆ 34.7 ಬರುತ್ತದೆ, ಸೀಸವಾದರೆ 27.4. ಈ ವ್ಯತ್ಯಾಸ ಅಡುಗೆಮನೆಯ ತಕ್ಕಡಿಗೂ ಕಾಣುವಷ್ಟು ದೊಡ್ಡದು. ದಾರಕ್ಕೆ ಅಂಟಿದ ಗಾಳಿಗುಳ್ಳೆಗಳನ್ನು ಕೊಡವಿಬಿಡಿ, ಮುಗಿದ ಕೂಡಲೇ ಗಟ್ಟಿಯನ್ನು ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಉಜ್ಜಬೇಡಿ. ಸಾಂದ್ರತೆ ತಾಳೆಯಾದರೆ ಲೋಹದ ಬಗ್ಗೆ ನಂಬಿಕೆ ಬರುತ್ತದೆ. ಮುದ್ರೆ ಅಸಲಿಯೇ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಅಕ್ಷರದ ಆಕಾರ, ಅಂಚು, ಸರಣಿ ಸಂಖ್ಯೆಯ ಶೈಲಿಯನ್ನು ಖಚಿತವಾಗಿ ಅಸಲಿ ಎಂದು ಗೊತ್ತಿರುವ ಗಟ್ಟಿಯ ಚಿತ್ರದೊಂದಿಗೆ ಹೋಲಿಸಬೇಕು. ಪೇಟೆಯ ದರಕ್ಕಿಂತ ಅಗ್ಗಕ್ಕೆ ಅಪರೂಪದ ಬಾರ್ ಸಿಗುತ್ತಿದೆ ಎಂದರೆ ನಾನಂತೂ ಕೊಳ್ಳುವುದಿಲ್ಲ.

[ದೃಶ್ಯ: ಆಗುಂಬೆಯ ಮಳೆ. ಹೆಂಚಿನ ಮನೆ, ಮರದ ಪೆಟ್ಟಿಗೆ.]

ಮಲೆನಾಡಿನವರನ್ನು ಹೆಚ್ಚಾಗಿ ಕಾಡುವ ತೊಂದರೆಯೊಂದಿದೆ: ತೇವ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಜೂನ್ ಬಂತೆಂದರೆ ತೀರ್ಥಹಳ್ಳಿ, ಹೊಸನಗರದ ಮನೆಗಳಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಬೆಳ್ಳಿಯನ್ನು ಕಪ್ಪಾಗಿಸುವುದು ಗಾಳಿಯಲ್ಲಿರುವ ಗಂಧಕದ ಅಂಶ. ತೇವವಿದ್ದರೆ ಆ ಕೆಲಸಕ್ಕೆ ವೇಗ ಬರುತ್ತದೆ. ಗಂಧಕ ಎಲ್ಲಿಂದ ಬರುತ್ತದೆ ಎಂದರೆ ಬಹುಪಾಲು ನಾವೇ ತಂದು ಪಕ್ಕದಲ್ಲಿಡುತ್ತೇವೆ. ಗಟ್ಟಿಗೆ ಸುತ್ತಿದ ರಬ್ಬರ್ ಬ್ಯಾಂಡ್, ಹಳೆಯ ಪತ್ರಿಕೆ, ಉಣ್ಣೆಯ ಬಟ್ಟೆ, ಕೆಳಗೆ ಹಾಸಿದ ರಬ್ಬರ್ ಹಾಳೆ, ಎಲ್ಲದರಲ್ಲೂ ಅದು ಇರುತ್ತದೆ. ಪಿವಿಸಿ ಪ್ಲಾಸ್ಟಿಕ್ ಕವರೂ ಬೇಡ, ಅದು ಕಾಲಕ್ರಮೇಣ ಅಂಟಂಟಾಗಿ ಲೋಹವನ್ನು ಕೆಡಿಸುತ್ತದೆ. ಗಟ್ಟಿಯಾದ ಅಕ್ರಿಲಿಕ್ ಡಬ್ಬಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ, ಗಾಳಿಯಾಡದ ಪೆಟ್ಟಿಗೆ. ಮಳೆಗಾಲ ಶುರುವಾಗುವ ಮುನ್ನ ಸಿಲಿಕಾ ಜೆಲ್ ಬದಲಿಸಿ. ಅಂಚು ಹಿಡಿದು ಎತ್ತಿ. ಮುಖದ ಮೇಲೆ ಬೆರಳು ಇಡಬೇಡಿ.

ಇದಕ್ಕಿಂತ ಮುಖ್ಯವಾದ ಮಾತು: ಹಳೆಯ ಗಟ್ಟಿಯನ್ನು ಹಬ್ಬದ ದೀಪದಂತೆ ವಿಭೂತಿ ಹಚ್ಚಿ, ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ದಯವಿಟ್ಟು ಬೇಡ. ವರ್ಷಗಳಿಂದ ಸಮನಾಗಿ ಕೂತ ಬಣ್ಣವನ್ನು ಸಂಗ್ರಾಹಕರು ಇಷ್ಟಪಡುತ್ತಾರೆ, ಅದಕ್ಕಾಗಿಯೇ ಹುಡುಕುವವರೂ ಇದ್ದಾರೆ. ತಿಕ್ಕಿದ ಗೀರು ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ.

[ದೃಶ್ಯ: ಪರದೆಯ ಮೇಲೆ ಲೆಕ್ಕ.]

ಮರುಮಾರಾಟದ ಲೆಕ್ಕಕ್ಕೆ ಬರೋಣ. ಸುಲಭವಾಗಲೆಂದು ಬೆಳ್ಳಿ ಗ್ರಾಮಿಗೆ 100 ರೂಪಾಯಿ ಎಂದು ಇಟ್ಟುಕೊಳ್ಳಿ. ನಿಜವಾದ ದರ ಬೇರೆ. 311 ಗ್ರಾಮಿನ ಹೊಸ ಗಟ್ಟಿಯ ಲೋಹದ ಬೆಲೆ 31,100 ರೂಪಾಯಿ. ಮಾರುವವರು ಅದರ ಮೇಲೆ ಶೇ 4 ಹೆಚ್ಚುವರಿ ತೆಗೆದುಕೊಂಡರೆ 32,344. ಶೇ 3 ಜಿಎಸ್‌ಟಿ ಸೇರಿ 33,314. ಅದೇ ದಿನ ಮಾರಲು ಹೋಗಿ, ಕೊಳ್ಳುವವರು ದರದಲ್ಲಿ ಶೇ 3 ಮುರಿದುಕೊಂಡರೆ ಕೈಗೆ ಬರುವುದು 30,167. ಅಸಲು ಮರಳಬೇಕಾದರೆ ಬೆಳ್ಳಿ ಗ್ರಾಮಿಗೆ 110 ರೂಪಾಯಿ ದಾಟಬೇಕು. ಲೋಹವನ್ನು ಲೋಹವಾಗಿಯೇ ಕೊಂಡರೆ ದಾರಿ ಇಷ್ಟು ಕಡಿದಾಗಿದೆ. ಈಗ ಹೊಸದಾಗಿ ‘ಸೀಮಿತ ಆವೃತ್ತಿ’ ಎಂದು ದೇವರ ಚಿತ್ರ ಹಾಕಿ, ಇನ್ನೂ ದೊಡ್ಡ ಹೆಚ್ಚುವರಿಗೆ ಮಾರುವ ಗಟ್ಟಿಗಳನ್ನು ಪೂಜೆಗೆ ಬೇಕಾದರೆ ಕೊಳ್ಳಿ. ಅಪರೂಪ ಎಂಬ ಆಸೆಯಿಂದ ಕೊಳ್ಳಬೇಡಿ. ಎರಡನೆಯ ಕೊಳ್ಳುವವನು ಸಿಗುವವರೆಗೆ ಆ ಹೆಚ್ಚುವರಿ ಹಣ ಬರೀ ಖರ್ಚು.

ನಿಜವಾಗಿ ಅಪರೂಪವಾದದ್ದು ಕೈಯಲ್ಲಿದ್ದರೆ ಅದರ ಮುದ್ರೆಗೆ ಬೆಲೆ ಕಟ್ಟುವವರು ಶಿವಮೊಗ್ಗದ ಬೀದಿಯಲ್ಲಿ ಸಿಗುವುದು ಕಷ್ಟ. ನಾಣ್ಯ ಸಂಗ್ರಾಹಕರ ಮೇಳಗಳು, ಬೆಂಗಳೂರು, ಮುಂಬಯಿಯ ಹರಾಜು ಸಂಸ್ಥೆಗಳನ್ನು ವಿಚಾರಿಸಿ. ಹರಾಜಿನಲ್ಲಿ ಕಮಿಷನ್ ಕಳೆಯುತ್ತದೆ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ತುರ್ತಾಗಿ ದುಡ್ಡು ಬೇಕಿದ್ದಾಗ ಮೊದಲು ಸಾಮಾನ್ಯ ಗಟ್ಟಿಯನ್ನು ಮಾರಿ, ಅಪರೂಪದ್ದನ್ನು ಉಳಿಸಿಕೊಳ್ಳಿ. ವಿದೇಶದಿಂದ ತರಿಸುವ ಯೋಚನೆ ಇದ್ದರೆ, ಬೆಳ್ಳಿಯ ಆಮದಿಗೆ ಸುಂಕವೂ ಇದೆ, ನಿರ್ಬಂಧಗಳೂ ಇವೆ. ಹಣ ಕಟ್ಟುವ ಮುನ್ನ ಕಸ್ಟಮ್ಸ್ ನಿಯಮ ಓದಿ.

ತೆರಿಗೆಯ ಮಾತು ಚಿಕ್ಕದು. 2024ರ ಜುಲೈ 23ರ ನಂತರದ ನಿಯಮದಂತೆ, 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡು ಮಾರಿದ ಬೆಳ್ಳಿಯ ಲಾಭಕ್ಕೆ ಶೇ 12.5 ತೆರಿಗೆ. ಅದಕ್ಕಿಂತ ಮೊದಲೇ ಮಾರಿದರೆ ಲಾಭ ನಿಮ್ಮ ವರಮಾನಕ್ಕೆ ಸೇರುತ್ತದೆ. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ.

[ದೃಶ್ಯ: ನೋಟ್ ಪುಸ್ತಕದ ಒಂದು ಪುಟ, ಪಕ್ಕದಲ್ಲಿ ಗಟ್ಟಿ ಮತ್ತು ರಶೀದಿ.]

ಕೊನೆಯದಾಗಿ ಕಾಗದ. ಪ್ರತಿ ಗಟ್ಟಿಗೂ ಒಂದು ಪುಟ ಇಡಿ: ತೂಕ, ಮುದ್ರೆ, ಸರಣಿ ಸಂಖ್ಯೆ, ಕೊಂಡ ದಿನ, ಕೊಟ್ಟ ಹಣ, ರಶೀದಿ, ಎರಡೂ ಬದಿಯ ಚಿತ್ರ. ಮೊಹರು ಮಾಡಿದ ಪ್ಯಾಕೆಟ್ಟಿನಲ್ಲಿ ಪ್ರಮಾಣಪತ್ರದೊಂದಿಗೆ ಬಂದದ್ದನ್ನು ಒಡೆಯಬೇಡಿ. ಅಪರೂಪದ ಗಟ್ಟಿಯ ಪುಟದ ಮೇಲ್ಗಡೆ ದೊಡ್ಡ ಅಕ್ಷರಗಳಲ್ಲಿ ‘ಇದನ್ನು ಕರಗಿಸಬಾರದು’ ಎಂದು ಬರೆದಿಡಿ. ಪೆಟ್ಟಿಗೆ ತೆರೆಯುವ ದಿನ ನೀವು ಅಲ್ಲಿ ಇಲ್ಲದಿರಬಹುದು. ಮನೆಯಲ್ಲಿ ಇನ್ನೊಬ್ಬರಿಗಾದರೂ ಈ ಪುಸ್ತಕ ಎಲ್ಲಿದೆ ಎಂದು ಗೊತ್ತಿರಲಿ. ಗುರುತಿಸಲಾಗದ ಗಟ್ಟಿ ನಿಮ್ಮಲ್ಲಿದ್ದರೆ ಮುದ್ರೆಯ ಚಿತ್ರವನ್ನು ನಮಗೆ ಕಳುಹಿಸಿ. ಕಳುಹಿಸುವಾಗ ಸರಣಿ ಸಂಖ್ಯೆಯ ಕೊನೆಯ ಅಂಕಿಗಳನ್ನು ಮುಚ್ಚಿ, ಊರು ವಿಳಾಸ ಬರೆಯಬೇಡಿ.