ಕಬ್ಬಿಣಾಂಶ ಹಾಕುವುದಾದರೆ ನಮ್ಮ ಕುಚ್ಚಲಕ್ಕಿಗೆ ಹಾಕಿ

ನಮಸ್ಕಾರ. ಹೋದ ವಿಡಿಯೋದ ಕೆಳಗೆ ಒಬ್ಬರು ಬರೆದಿದ್ದಾರೆ: "ಮಂಗಳೂರು, ಉಡುಪಿಯವರಿಗೆ ಸೊಕ್ಕು. ಸರ್ಕಾರ ಪುಕ್ಕಟೆ ಅಕ್ಕಿ ಕೊಟ್ಟರೆ ಮಾರಿಕೊಳ್ಳುತ್ತಾರೆ." ಓದಿ ಮೈ ಉರಿಯಿತು. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು, ಅದು ಇನ್ನೊಂದು ದಿನ ಆಗಲಿ.

ರೇಷನ್ ಅಕ್ಕಿ ಮಾರುವುದು ತಪ್ಪು. ಆದರೆ ಯಾಕೆ ಮಾರುತ್ತಾರೆ ಅಂತ ಕೇಳಿದ್ದೀರಾ? ನಾವು ಉಣ್ಣುವುದು ಕುಚ್ಚಲಕ್ಕಿ, ಅಂದರೆ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ. ಬೆಳಿಗ್ಗೆ ಗಂಜಿ, ಉಪ್ಪಿನಕಾಯಿ. ಮಧ್ಯಾಹ್ನ ಅದೇ ಅಕ್ಕಿಯ ಅನ್ನ, ಬೂತಾಯಿ ಮೀನಿನ ಸಾರು. ರೇಷನ್ನಿನಲ್ಲಿ ಬರುವುದು ಬೆಳ್ತಿಗೆ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ. ಬೆಳ್ತಿಗೆ ಇರುವುದು ದೋಸೆಗೆ, ಕಡುಬಿಗೆ. ತಿಂಗಳ ಅಕ್ಕಿಯನ್ನೆಲ್ಲ ದೋಸೆ ಹೊಯ್ದು ಮುಗಿಸೋಕೆ ಆಗುತ್ತಾ?

ಸರ್ಕಾರ ಕಬ್ಬಿಣಾಂಶ ಹಾಕಿದ್ದು ಇದೇ ಬೆಳ್ತಿಗೆಗೆ! 2021ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ಹೇಳಿದ ಸಾರವರ್ಧಿತ ಅಕ್ಕಿ ಇದೇ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಬೆರೆಸಿ, ಯಂತ್ರದಲ್ಲಿ ಒತ್ತಿ, ಅಕ್ಕಿಯ ಆಕಾರದ ಕಾಳು ಮಾಡುತ್ತಾರೆ. ನೂರು ಅಕ್ಕಿಗೆ ಒಂದು ಕಾಳಿನ ಲೆಕ್ಕದಲ್ಲಿ ಬೆರೆಸುತ್ತಾರೆ. ಗೆರಸೆಯಲ್ಲಿ ಹರಡಿದರೆ ಆ ಕಾಳಿನ ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ತೊಳೆಯುವಾಗ ಕೆಲವು ತೇಲುತ್ತವೆ. ಅದನ್ನೇ ಪ್ಲಾಸ್ಟಿಕ್ ಅಂತ ಹೆಕ್ಕಿ ಎಸೆಯುತ್ತಾರೆ. ದಯವಿಟ್ಟು ಎಸೆಯಬೇಡಿ. ಅದು ಅಕ್ಕಿಹಿಟ್ಟು, ಪ್ಲಾಸ್ಟಿಕ್ ಅಲ್ಲವೇ ಅಲ್ಲ. ಪ್ಲಾಸ್ಟಿಕ್ ಅಕ್ಕಿ ಅಂತ ವಾಟ್ಸಾಪಿನಲ್ಲಿ ವಿಡಿಯೋ ಹಂಚುವವರೇ, ಸುಮ್ನೆ ಜನರನ್ನು ಹೆದರಿಸಬೇಡಿ.

ನನಗೆ ಈ ಯೋಜನೆ ಮೇಲೆ ಸಿಟ್ಟಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5! ಮನೆಗೆಲಸ ಮುಗಿಸಿ ರಾತ್ರಿವರೆಗೆ ಬೀಡಿ ಕಟ್ಟುವ ಅಕ್ಕಂದಿರನ್ನು ಕೇಳಿ. ತಲೆ ತಿರುಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು "ರಕ್ತ ಕಡಿಮೆ ಇದೆ" ಅಂತಾರೆ. ಆ ಅಕ್ಕನಿಗೆ ಕಬ್ಬಿಣಾಂಶ ಬೇಕೇ ಬೇಕು. ಆದರೆ ಅವರು ಉಣ್ಣುವ ಅಕ್ಕಿಯಲ್ಲಿ ಅದು ಇಲ್ಲ. ಹಾಕಿದ್ದು ಅವರು ಉಣ್ಣದ ಅಕ್ಕಿಗೆ. ಇದು ಯಾವ ನ್ಯಾಯ?

ಕುಚ್ಚಲಕ್ಕಿಗೆ ಬೆರೆಸೋಕೆ ಆಗಲ್ಲ ಅನ್ನುವವರಿಗೆ ಒಂದು ಮಾತು. ಕಾಳು ಬೆರೆಸುವುದು ಮಿಲ್ಲಿನಲ್ಲಿ, ಅಕ್ಕಿ ತಯಾರಾದ ಮೇಲೆ. ಬೆಳ್ತಿಗೆಗೆ ಬೆರೆಯುವ ಕಾಳು ಕುಚ್ಚಲಕ್ಕಿಗೆ ಯಾಕೆ ಬೆರೆಯಲ್ಲ? ತಲಪಾಡಿ ಗಡಿ ದಾಟಿ ಕೇರಳದ ಕಾಸರಗೋಡಿಗೆ ಹೋಗಿ, ಅಲ್ಲಿನ ರೇಷನ್ ಅಂಗಡಿಯಲ್ಲಿ ಕುಚ್ಚಲಕ್ಕಿ ಕೊಡುತ್ತಾರೆ. ಗಡಿಯ ಆಚೆ ಆಗುವುದು ಈಚೆ ಆಗಲ್ವಾ?

ದುಡ್ಡಿಲ್ಲ ಅಂತೀರಾ? ಈ ಅಕ್ಕಿಯನ್ನು 2028ರ ಡಿಸೆಂಬರ್‌ವರೆಗೆ ಕೊಡೋಕೆ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೊತ್ತ 17,082 ಕೋಟಿ ರೂಪಾಯಿ. ಇಷ್ಟು ದುಡ್ಡು ಸುರಿದು, ಉಣ್ಣದ ಅಕ್ಕಿಯನ್ನು ಮನೆಗೆ ಕಳಿಸಿದರೆ ರಕ್ತ ಎಲ್ಲಿಂದ ಬರಬೇಕು? "ಬಸಳೆ ತಿನ್ನಿ, ನುಗ್ಗೆಸೊಪ್ಪು ತಿನ್ನಿ" ಅಂತ ಪುಕ್ಕಟೆ ಉಪದೇಶ ಬೇರೆ. ತಿನ್ನುತ್ತೇವೆ ಸ್ವಾಮಿ, ತಲತಲಾಂತರದಿಂದ ತಿನ್ನುತ್ತಿದ್ದೇವೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಅಂದ ಹಾಗೆ, ಚಾನೆಲ್ ಇನ್ನೂ ಸಬ್‌ಸ್ಕ್ರೈಬ್ ಮಾಡದವರು ಈಗಲೇ ಮಾಡಿ. ಕರಾವಳಿಯ ಊಟದ ಬಗ್ಗೆ ಇಷ್ಟು ಜೋರಾಗಿ ಮಾತಾಡುವವರು ಕಡಿಮೆ. ಮುಂದಿನ ವಾರ ಅಂಗನವಾಡಿ ಮೊಟ್ಟೆ ಬಗ್ಗೆ ಬರುತ್ತೇನೆ.

ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಕುಚ್ಚಲಕ್ಕಿ ಕೊಡಿ. ಬೆಳ್ತಿಗೆ ಬೇಡ, ಕುಚ್ಚಲಕ್ಕಿ ಕೊಡಿ. ಶಾಸಕರು ವೋಟಿಗೆ ಬಂದಾಗ ರಸ್ತೆ ಕೇಳುತ್ತೀರಲ್ಲ, ಕುಚ್ಚಲಕ್ಕಿಯನ್ನೂ ಕೇಳಿ! ನಿಮ್ಮ ರೇಷನ್ ಅಂಗಡಿಯಲ್ಲಿ ಈ ತಿಂಗಳು ಯಾವ ಅಕ್ಕಿ ಕೊಟ್ಟರು, ಊರಿನ ಹೆಸರು ಹಾಕಿ ಕೆಳಗೆ ಬರೆಯಿರಿ. ಎಲ್ಲವನ್ನೂ ಓದುತ್ತೇನೆ.