ಸಾಗರದ ಅಕ್ಕ ಮತ್ತು ನನ್ನ ಗುಂಗುರು ಕೂದಲು

ಹಾಯ್, ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ಹೋದ ವರ್ಷದ ನನ್ನ ಫೋಟೋ. ನಗಬೇಡಿ. ಸರಿ, ನಕ್ಕುಬಿಡಿ, ನಮ್ಮ ಮನೆಯವರೆಲ್ಲಾ ನಕ್ಕು ಮುಗಿಸಿದ್ದಾರೆ.

ಇದು ಬೆಂಗಳೂರಿನ ಒಂದು ದೊಡ್ಡ ಸಲೂನಿನಲ್ಲಿ 1,800 ರೂಪಾಯಿ ಕೊಟ್ಟು ಮಾಡಿಸಿಕೊಂಡ ಹೇರ್ ಕಟ್. ಕಾಫಿ ಮಾತ್ರ ಚೆನ್ನಾಗಿತ್ತು. ಕೂದಲನ್ನು ಒದ್ದೆ ಮಾಡಿ, ಬಾಚಿ, ನೆಟ್ಟಗೆ ಎಳೆದು ಹಿಡಿದು ಭುಜದ ಮಟ್ಟಕ್ಕೆ ಕತ್ತರಿಸಿದರು. ಒಣಗಿದ ಮೇಲೆ ಅದು ಸುತ್ತಿಕೊಂಡು ಕಿವಿ ಹತ್ತಿರ ಹೋಗಿ ಕೂತಿತು. ತಲೆ ಮೇಲೆ ಸಮೋಸ ಇಟ್ಟ ಹಾಗೆ! ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಹಾಗಾಗಿ ಆ ಸಮೋಸ ಹೊತ್ತುಕೊಂಡು ಹತ್ತು ತಿಂಗಳು ಓಡಾಡಿದ್ದೇನೆ.

ಮೇ ಕೊನೆಯಲ್ಲಿ ಊರಿಗೆ ಹೋಗಿದ್ದೆ. ಊರು ಅಂದರೆ ಸಾಗರ. ರಾತ್ರಿ ತಾಳಗುಪ್ಪ ರೈಲು ಹತ್ತಿ ಮಲಗಿದರೆ ಬೆಳಗ್ಗೆ ಅಲ್ಲಿರುತ್ತೇವೆ. ಅಮ್ಮ ನನ್ನ ತಲೆ ನೋಡಿದವಳೇ, "ನಮ್ಮ ಪಾರ್ಲರ್ ಅಕ್ಕನ ಹತ್ರ ಹೋಗು" ಅಂದಳು. ನನಗೆ ಮನಸ್ಸಿರಲಿಲ್ಲ. ನನ್ನ ಲೆಕ್ಕದಲ್ಲಿ ಆ ಪಾರ್ಲರ್ ಅಂದರೆ ಐಬ್ರೋ, ಯು ಕಟ್, ಮದುವೆ ಮೇಕಪ್. ಅಷ್ಟೇ. ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಹೊತ್ತಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಅಂತ ಕೇಳಿದ್ದೆ, ಆದರೂ ನಂಬಿಕೆ ಇರಲಿಲ್ಲ. ಬೆಂಗಳೂರಿನ ಕೊಬ್ಬು ಅನ್ನಿ ಬೇಕಾದರೆ.

ಫೋನ್ ಮಾಡಿದಾಗ ಅಕ್ಕ ಹೇಳಿದ್ದು ಒಂದೇ ಮಾತು. "ತಲೆಸ್ನಾನ ಮಾಡು, ಪೂರ್ತಿ ಒಣಗಿಸು, ಬಾಚಬೇಡ, ಹಾಗೇ ಬಾ." ಬಾಚದೆ ಮನೆಯಿಂದ ಹೊರಗೆ ಹೋಗಲು ಅಮ್ಮ ಬಿಟ್ಟಿದ್ದು ಅದೇ ಮೊದಲು.

ಇದೇ ನೋಡಿ ಅಂಗಡಿ. ಒಂದು ಕುರ್ಚಿ, ಒಂದು ಕನ್ನಡಿ, ಕರೆಂಟ್ ಹೋದರೆ ಅಂತ ಒಂದು ಎಮರ್ಜೆನ್ಸಿ ಲೈಟ್. ಅಕ್ಕ ಮುಖ ತೋರಿಸಬೇಡ, ಹೆಸರು ಹೇಳಬೇಡ ಅಂದಿದ್ದಾರೆ. ಅದಕ್ಕೇ ವಿಡಿಯೋದಲ್ಲಿ ಬರೀ ಕೈಗಳಿವೆ. ನಿಜ ಹೇಳಬೇಕೆಂದರೆ ನೋಡಬೇಕಾದ್ದೂ ಆ ಕೈಗಳನ್ನೇ.

ಕೂರಿಸಿ ಹತ್ತು ನಿಮಿಷ ಅಕ್ಕ ಕತ್ತರಿ ಮುಟ್ಟಲೇ ಇಲ್ಲ. ಒಂದೊಂದೇ ಸುರುಳಿ ಹಿಡಿದು ಮೆಲ್ಲಗೆ ಕೆಳಗೆ ಎಳೆಯುವುದು, ಬಿಡುವುದು, ಎಷ್ಟು ಮೇಲೆ ಹೋಯಿತು ಅಂತ ನೋಡುವುದು. ನೆತ್ತಿ ಮೇಲಿನ ಸುರುಳಿ ಪಟ್ಟಂತ ಮೇಲೆ ಹಾರುತ್ತದೆ. ಕುತ್ತಿಗೆ ಹತ್ತಿರದ್ದು ಸೋಮಾರಿ, ಅರ್ಧಕ್ಕೇ ನಿಲ್ಲುತ್ತದೆ. ಒಂದೇ ತಲೆಯಲ್ಲಿ ಇಷ್ಟು ವ್ಯತ್ಯಾಸ ಇದೆ ಅಂತ ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ!

ಆಮೇಲೆ ಒಂದು ಪ್ರಶ್ನೆ. "ಮಳೆಗಾಲ ಇಲ್ಲೇ ಇರ್ತೀಯಾ, ಬೆಂಗಳೂರಿಗೆ ಹೋಗ್ತೀಯಾ?" ನನಗೂ ಕೂದಲಿಗೂ ಮಳೆಗೂ ಎಂತ ಸಂಬಂಧ ಅಂತ ಅರ್ಥವಾಗಲಿಲ್ಲ. ಜೂನ್ ಪೂರ್ತಿ ಇಲ್ಲೇ ಕೆಲಸ ಮಾಡುತ್ತೇನೆ ಅಂದೆ. "ಹ್ಞೂಂ" ಅಂದರು, ಅಷ್ಟೇ.

ಒದ್ದೆ ಮಾಡಲ್ವಾ ಅಕ್ಕಾ ಅಂತ ಕೇಳಿದೆ. ಅಕ್ಕ ಮೊದಲು ಟೈಲರ್ ಆಗಿದ್ದವರು. ಉತ್ತರವೂ ಅಲ್ಲಿಂದಲೇ ಬಂತು. "ಬ್ಲೌಸಿಗೆ ಲೈನಿಂಗ್ ಬಟ್ಟೆ ನೆನೆಸಿ ಒಣಗಿಸಿ ಆಮೇಲೆ ಯಾಕೆ ಕತ್ತರಿಸ್ತಾರೆ ಹೇಳು? ಕುಗ್ಗೋದೆಲ್ಲ ಮೊದಲೇ ಕುಗ್ಗಿಬಿಡಲಿ ಅಂತ. ನಿನ್ನ ಕೂದಲೂ ಅದೇ ಜಾತಿ, ಮಾರಾಯ್ತಿ. ಕುಗ್ಗಿದ ಮೇಲೇ ಅಳತೆ ತಗೋಬೇಕು."

ನೀರು ಬಿದ್ದಾಗ ಕೂದಲಿನೊಳಗಿನ ಹೈಡ್ರೋಜನ್ ಬಂಧಗಳು ಬಿಟ್ಟುಕೊಳ್ಳುತ್ತವೆ, ಅದಕ್ಕೇ ಎಳೆದರೆ ಜಾಸ್ತಿ ಉದ್ದ ಬರುತ್ತದೆ, ಒಣಗಿದಾಗ ಮತ್ತೆ ಹಿಡಿದುಕೊಂಡು ಸುರುಳಿ ಆಗುತ್ತದೆ. ಇದನ್ನು ನಾನು ಇಂಟರ್ನೆಟ್ಟಿನಲ್ಲಿ ಓದಿದ್ದೆ. ಓದಿಯೂ ಸಮೋಸ ಆದೆ. ಲೈನಿಂಗ್ ಬಟ್ಟೆ ಅಂದಾಗ ತಲೆಗೆ ಹೋಯಿತು.

ಈ ಕತ್ತರಿ ನೋಡಿ. ಹಳದಿ ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ. ಮಗ ಒಂದು ಸಲ ಶಾಲೆಯ ಚಾರ್ಟ್ ಪೇಪರ್ ಕತ್ತರಿಸಲು ತೆಗೆದುಕೊಂಡಿದ್ದನಂತೆ. ಅವತ್ತು ಅವನಿಗೆ ಬಿದ್ದ ಬೈಗುಳ ಪಕ್ಕದ ಬೇಕರಿಯವರಿಗೂ ಇನ್ನೂ ನೆನಪಿದೆ. ಬಾಯಿ ಹೋದ ಕತ್ತರಿ ಕೂದಲನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ತುದಿ ಸೀಳುವುದು ಅಲ್ಲಿಂದಲೇ ಶುರು.

ಅಕ್ಕನ ಬಗ್ಗೆ ಬರೀ ಹೊಗಳಿದರೆ ನೀವು ನಂಬುವುದಿಲ್ಲ, ಅಲ್ವಾ? ಟೈಮ್ ಅನ್ನುವುದು ಅವರಿಗೆ ಇಲ್ಲವೇ ಇಲ್ಲ. ನಡುವೆ ಇಬ್ಬರಿಗೆ ಐಬ್ರೋ ಮಾಡಿದರು, ದಾರ ಹಲ್ಲಲ್ಲಿ ಕಚ್ಚಿಕೊಂಡೇ ಒಂದು ಫೋನ್ ಕಾಲ್ ಮುಗಿಸಿದರು. ನಾನು ಅರ್ಧ ತಲೆ ಹೊತ್ತುಕೊಂಡು ಹಳೇ ವಾರಪತ್ರಿಕೆ ಓದುತ್ತಾ ಕೂತಿದ್ದೆ. ಒಟ್ಟು ಎರಡೂವರೆ ಗಂಟೆ. ಕೊಟ್ಟಿದ್ದು 200 ರೂಪಾಯಿ. ಇದು ಕಡಿಮೆ ಆಯ್ತು ಅಕ್ಕಾ, ರೇಟ್ ಜಾಸ್ತಿ ಮಾಡಿ ಅಂತ ಜಗಳವನ್ನೇ ಮಾಡಿದೆ. "ಮಾಡಿದ್ರೆ ನಿನ್ನ ಅಮ್ಮನೇ ಬರೋದಿಲ್ಲ" ಅಂದರು. ಅದೂ ನಿಜ.

ಮನೆಗೆ ಬಂದು ಕನ್ನಡಿ ನೋಡಿದರೆ ಚೆನ್ನಾಗಿತ್ತು. ಆದರೆ ಮೇಲ್ಭಾಗ ಸ್ವಲ್ಪ ಚಪ್ಪಟೆ ಅನ್ನಿಸಿತು. ಅಕ್ಕನಿಗೆ ಮೆಸೇಜ್ ಹಾಕಿದೆ. "ಇರು" ಅಂತ ಬಂತು. ಅಷ್ಟೇ ಉತ್ತರ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಮಲೆನಾಡಿನ ಮಳೆ ಗೊತ್ತಲ್ಲ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಗಾಳಿಯಲ್ಲೆಲ್ಲಾ ನೀರು. ನನ್ನ ಕೂದಲು ಎಂದಿನಂತೆ ಉಬ್ಬಿತು. ಈಗ ನೀವು ನೋಡುತ್ತಿರುವುದು ಅವತ್ತಿನ ಶಾಟ್, ಅಂಗಳದಲ್ಲಿ ಅಮ್ಮ ತೆಗೆದಿದ್ದು. ಚಪ್ಪಟೆ ಇದ್ದ ಜಾಗ ನೋಡಿ, ಸರಿಯಾಗಿ ತುಂಬಿಕೊಂಡಿದೆ. ಅಕ್ಕ ಮಳೆಗೂ ಸೇರಿಸಿಯೇ ಅಳತೆ ತೆಗೆದುಕೊಂಡಿದ್ದರು.